ಅಪ್ಪನ ಡಿಸ್ಚಾರ್ಜ್ ಬುಕ್ಕಿನಲ್ಲಿ ಶ್ರೀಲಂಕಾ ಏಕಿಲ್ಲ?

ಪ್ರಶ್ನೆ: ನಾನು ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನವನು. ನಮ್ಮ ತಂದೆಯವರು 1975ರಲ್ಲಿ ಸೇನೆಯ ಇ.ಎಂ.ಇ. (ವಾಹನ, ಯಂತ್ರಗಳ ದುರಸ್ತಿ ನೋಡಿಕೊಳ್ಳುವ) ವಿಭಾಗಕ್ಕೆ ವಾಹನ ಮೆಕ್ಯಾನಿಕ್ ಆಗಿ ಸೇರಿ, 1993ರಲ್ಲಿ ಹವಾಲ್ದಾರರಾಗಿ ನಿವೃತ್ತರಾದರು. 1988ರಲ್ಲಿ ಅವರನ್ನು ತಮ್ಮ ವರ್ಕ್‌ಶಾಪ್‌ನಿಂದ ಬೇರೊಂದು ಘಟಕಕ್ಕೆ ತಾತ್ಕಾಲಿಕವಾಗಿ ಅಟ್ಯಾಚ್ ಮಾಡಿ ಶ್ರೀಲಂಕಾಕ್ಕೆ ಕಳುಹಿಸಲಾಗಿತ್ತು. ಮದ್ರಾಸಿನಿಂದ ಹಡಗಿನಲ್ಲಿ ಹೋಗಿ ಸುಮಾರು ಎಂಟು ತಿಂಗಳು ಟ್ರಿಂಕೋಮಲಿಯಲ್ಲಿ ಇದ್ದುದಾಗಿ ಹೇಳುತ್ತಾರೆ. ಆದರೆ ಡಿಸ್ಚಾರ್ಜ್ ಬುಕ್ಕಿನಲ್ಲಿ ಅದರ ಸುಳಿವೇ ಇಲ್ಲ. ಪದಕಗಳ ಕಲಂನಲ್ಲಿ ಸೈನ್ಯ ಸೇವಾ ಪದಕ ಮತ್ತು 9 ವರ್ಷದ ದೀರ್ಘ ಸೇವಾ ಪದಕ ಮಾತ್ರ ಇವೆ. ಮೂವತ್ತು ವರ್ಷ ಕಳೆದ ಮೇಲೆ ಇದನ್ನು ತಿದ್ದಿಸಲು ಸಾಧ್ಯವೇ? ಒಬ್ಬರು 15,000 ರೂಪಾಯಿ ಕೊಟ್ಟರೆ ತಾವೇ ಎಲ್ಲ ಮಾಡಿಸುವುದಾಗಿಯೂ, ವಿದೇಶ ಸೇವೆ ದಾಖಲಾದರೆ ಪಿಂಚಣಿ ಹೆಚ್ಚುತ್ತದೆಂದೂ ಹೇಳುತ್ತಿದ್ದಾರೆ. ಇನ್ನೊಂದು ಮಾತು: ತಂದೆಯವರ ಸ್ನೇಹಿತರು ಅಂಗಡಿಯಿಂದ ಪದಕವೊಂದನ್ನು ತಂದುಕೊಟ್ಟಿದ್ದಾರೆ. ಊರಿನ ಶಾಲೆಯ ಆಗಸ್ಟ್ 15ರ ಕಾರ್ಯಕ್ರಮಕ್ಕೆ ಅವರು ಅದನ್ನು ಧರಿಸಬಹುದೇ?

ಉತ್ತರ: ನೀವು ಕೇಳಿರುವುದು ತಿದ್ದುಪಡಿಯ ಬಗ್ಗೆ. ಆದರೆ ಪತ್ರವನ್ನು ಓದುವಾಗ ನನಗೆ ಕಂಡದ್ದು ಅದಕ್ಕಿಂತ ಹಳೆಯದಾದ ಒಂದು ಅಳುಕು: ಅಪ್ಪ ಹೇಳುವುದೆಲ್ಲ ನಿಜವಾದರೆ ಸರ್ಕಾರದ ಕಾಗದದಲ್ಲಿ ಅದೇಕೆ ಇಲ್ಲ? ಸೇನೆಯ ದಾಖಲೆ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಹಲವು ವರ್ಷ ಕೆಲಸ ಮಾಡಿ ಈಗ ಮೈಸೂರಿನಲ್ಲಿ ನೆಲೆಸಿರುವ ನಾನು ಮೊದಲು ಈ ಅಳುಕಿಗೇ ಉತ್ತರ ಹೇಳುತ್ತೇನೆ. ತಾತ್ಕಾಲಿಕವಾಗಿ ಅಟ್ಯಾಚ್ ಆಗಿ ಹೋದ ಮೆಕ್ಯಾನಿಕ್, ಚಾಲಕ, ನರ್ಸಿಂಗ್ ಸಹಾಯಕ, ಅಡುಗೆಯವರು, ಇಂಥವರ ಕಡತದಲ್ಲಿ ಈ ರೀತಿಯ ಖಾಲಿ ಜಾಗ ಇರುವುದು ನಾನು ಕಂಡ ಮಟ್ಟಿಗೆ ಅಪರೂಪವಲ್ಲ. ದಾಖಲೆಯಲ್ಲಿ ಇಲ್ಲ ಎನ್ನುವುದರ ಅರ್ಥ ಅವರು ಹೋಗಿರಲಿಲ್ಲ ಎಂದಲ್ಲ. ಅವರು ಹೋದ ಸುದ್ದಿಯನ್ನು ಹೊತ್ತ ಒಂದು ನಿರ್ದಿಷ್ಟ ಕಾಗದ ತಲುಪಬೇಕಾದ ಕಡೆ ತಲುಪಲಿಲ್ಲ ಎಂದಷ್ಟೇ. ಆ ಕಾಗದ ಯಾವುದು, ಎಲ್ಲಿ ನಿಂತಿತು ಎಂಬುದನ್ನು ಪತ್ತೆ ಹಚ್ಚುವುದರಲ್ಲಿಯೇ ತಿದ್ದುಪಡಿಯ ಕೆಲಸ ಮುಕ್ಕಾಲು ಪಾಲು ಅಡಗಿದೆ.

ಆ ಕಾಗದದ ಹೆಸರು ಪಾರ್ಟ್ ಟೂ ಆರ್ಡರ್. ಜವಾನನೊಬ್ಬನ ಸೇವೆಯಲ್ಲಿ ನಡೆಯುವ ಪ್ರತಿಯೊಂದು ಸಂಗತಿಯನ್ನೂ, ಅಂದರೆ ವರ್ಗಾವಣೆ, ರಜೆ, ಬಡ್ತಿ, ಮದುವೆ, ಮಗುವಿನ ಜನನ, ಆಸ್ಪತ್ರೆಗೆ ದಾಖಲು, ಗಡಿ, ಕಾರ್ಯಾಚರಣೆಯಂಥ ಕ್ಷೇತ್ರ ಪ್ರದೇಶಕ್ಕೆ ಹೋದದ್ದು, ಪದಕಕ್ಕೆ ಅರ್ಹನಾದದ್ದು, ಎಲ್ಲವನ್ನೂ ಅವನ ಘಟಕದ ಕಚೇರಿ ಈ ಆದೇಶದ ಮೂಲಕ ಪ್ರಕಟಿಸಬೇಕು. ಅದರ ಪ್ರತಿ ಅವನ ವಿಭಾಗದ ದಾಖಲೆ ಕಚೇರಿಗೂ ವೇತನ ಲೆಕ್ಕದ ಕಚೇರಿಗೂ ಹೋಗುತ್ತದೆ. ದಾಖಲೆ ಕಚೇರಿಯ ಗುಮಾಸ್ತ ಅದನ್ನು ನೋಡಿ ಶೀಟ್ ರೋಲ್ ಎಂಬ ಮೂಲ ಸೇವಾ ದಾಖಲೆಯಲ್ಲಿ ಒಂದು ಸಾಲು ಬರೆಯುತ್ತಾನೆ. ನಿವೃತ್ತಿಯ ಸಮಯದಲ್ಲಿ ಕೈಗೆ ಸಿಗುವ ಡಿಸ್ಚಾರ್ಜ್ ಬುಕ್ ಆ ಶೀಟ್ ರೋಲಿನಿಂದ ಇಳಿಸಿಕೊಂಡ ಸಾರಾಂಶ ಮಾತ್ರ. ಪಾರ್ಟ್ ಟೂ ಆರ್ಡರ್ ಬಾರದಿದ್ದರೆ ಶೀಟ್ ರೋಲಿನಲ್ಲಿ ಸಾಲಿಲ್ಲ, ಶೀಟ್ ರೋಲಿನಲ್ಲಿ ಸಾಲಿಲ್ಲದಿದ್ದರೆ ಡಿಸ್ಚಾರ್ಜ್ ಬುಕ್ಕಿನಲ್ಲಿ ಅಕ್ಷರವಿಲ್ಲ. ದಾಖಲೆ ಕಚೇರಿಯವನಿಗೆ ಶ್ರೀಲಂಕಾದಲ್ಲಿ ಯಾರು ಇದ್ದರು ಎಂದು ಬೇರೆ ದಾರಿಯಿಂದ ತಿಳಿಯುವುದಿಲ್ಲ.

ಈಗ ನಿಮ್ಮ ತಂದೆಯವರ ಸಂಗತಿಗೆ ಬನ್ನಿ. ಭಾರತ ಮತ್ತು ಶ್ರೀಲಂಕಾ ನಡುವೆ 1987ರ ಜುಲೈ 29ರಂದು ಕೊಲಂಬೊದಲ್ಲಿ ಒಪ್ಪಂದವಾಯಿತು. ಮರುದಿನವೇ ನಮ್ಮ ಶಾಂತಿಪಾಲನಾ ಪಡೆ ಅಲ್ಲಿಗೆ ಇಳಿಯತೊಡಗಿತು. ಅಕ್ಟೋಬರ್‌ನಲ್ಲಿ ಎಲ್.ಟಿ.ಟಿ.ಇ. ವಿರುದ್ಧದ ಕಾರ್ಯಾಚರಣೆಯಾದ ಆಪರೇಷನ್ ಪವನ್ ಆರಂಭವಾಯಿತು. ಕೊನೆಯ ತುಕಡಿ ಹೊರಟದ್ದು 1990ರ ಮಾರ್ಚ್ 24ರಂದು. ಇಡೀ ಬೆಟಾಲಿಯನ್ ಹೊರಟಾಗ ಆ ಘಟಕದ ಗುಮಾಸ್ತರು ತಮ್ಮವರೆಲ್ಲರ ಪಟ್ಟಿಯನ್ನು ಒಟ್ಟಿಗೆ ಹಾಕಿ ತಮ್ಮ ದಾಖಲೆ ಕಚೇರಿಗೆ ಆದೇಶ ಕಳುಹಿಸುತ್ತಿದ್ದರು. ನಿಮ್ಮ ತಂದೆಯವರಾದರೋ ಎರಡು ಘಟಕಗಳ ನಡುವೆ ಇದ್ದವರು. ಹೆಸರು ಮೂಲ ವರ್ಕ್‌ಶಾಪಿನ ಹಾಜರಿಯಲ್ಲಿ ಉಳಿದಿತ್ತು, ಆಸಾಮಿ ಮಾತ್ರ ಇನ್ನೊಂದು ಘಟಕದ ಜೊತೆ ಟ್ರಿಂಕೋಮಲಿಯಲ್ಲಿದ್ದರು. ಕರೆದುಕೊಂಡು ಹೋದ ಘಟಕದವರು ಇವರು ನಮ್ಮವರಲ್ಲ, ಇವರ ಆದೇಶವನ್ನು ಇವರ ವರ್ಕ್‌ಶಾಪ್ ಪ್ರಕಟಿಸುತ್ತದೆ ಎಂದುಕೊಂಡಿರುತ್ತಾರೆ. ವರ್ಕ್‌ಶಾಪಿನವರು ಅಲ್ಲಿಂದ ದಿನಾಂಕಗಳು ಬಂದರೆ ಪ್ರಕಟಿಸೋಣ ಎಂದು ಕಾದಿರುತ್ತಾರೆ. ವರ್ಷದೊಳಗೆ ಎರಡೂ ಕಡೆ ಗುಮಾಸ್ತರು ವರ್ಗವಾಗುತ್ತಾರೆ, ಅಲ್ಲಿಗೆ ಕತೆ ಮುಗಿಯುತ್ತದೆ.

ಆದೇಶ ಪ್ರಕಟವಾದರೂ ದಾಖಲಾಗದೆ ಹೋಗುವುದುಂಟು. ಸೇನಾ ಸಂಖ್ಯೆಯ ಒಂದು ಅಂಕಿ ತಪ್ಪಿದರೆ, ಅಥವಾ ಸಂಖ್ಯೆಯ ಕೊನೆಗೆ ಬರುವ ಇಂಗ್ಲಿಷ್ ಅಕ್ಷರ ಹೊಂದದಿದ್ದರೆ, ನಾವು ಆ ಆದೇಶವನ್ನು ಆಕ್ಷೇಪಣೆಯ ಚೀಟಿ ಹಚ್ಚಿ ಘಟಕಕ್ಕೆ ಹಿಂದಿರುಗಿಸುತ್ತಿದ್ದೆವು. ಘಟಕ ಅಷ್ಟರಲ್ಲಿ ಬೇರೆ ಊರಿಗೆ ಹೋಗಿರುತ್ತಿತ್ತು. ನಾನೇ ಹಾಗೆ ಹಿಂದಿರುಗಿಸಿದ ಎಷ್ಟೋ ಆದೇಶಗಳಿಗೆ ಉತ್ತರ ಬರಲೇ ಇಲ್ಲ. ಅವುಗಳಲ್ಲಿ ಯಾರ ಯಾರ ಎಂಟು ತಿಂಗಳು ಇದ್ದವೋ ಎಂದು ಈಗ ಯೋಚಿಸುತ್ತೇನೆ. ಆಗ ಮೇಜಿನ ಮೇಲಿದ್ದ ರಾಶಿ ಕರಗಿದರೆ ಸಾಕೆನಿಸುತ್ತಿತ್ತು. ನಮ್ಮ ಮಂಡ್ಯ, ಮೈಸೂರು ಕಡೆಯವರಿಗೆ ಇನ್ನೊಂದು ತೊಡಕಿದೆ. ಊರಿನ ಹೆಸರಿನ ಅಕ್ಷರ ಮುಂದೆಯೋ ಹಿಂದೆಯೋ, ಕೊನೆಯಲ್ಲಿ ಗೌಡ ಎಂಬುದು ಇದೆಯೋ ಇಲ್ಲವೋ ಎಂಬುದು ಭರ್ತಿಯ ದಿನ ಉತ್ತರ ಭಾರತದ ಗುಮಾಸ್ತನ ಕಿವಿಗೆ ಹೇಗೆ ಬಿತ್ತೋ ಹಾಗೆ ದಾಖಲಾಗಿರುತ್ತದೆ. ಅಟ್ಯಾಚ್ ಮಾಡಿಕೊಂಡ ಘಟಕದ ಪಟ್ಟಿಯಲ್ಲಿ ಅದು ಮತ್ತೊಂದು ರೂಪ ತಾಳಿರುತ್ತದೆ. ಒಬ್ಬನೇ ಮನುಷ್ಯ ಎರಡು ಕಾಗದಗಳಲ್ಲಿ ಇಬ್ಬರಾಗುವುದು ಹೀಗೆ.

ಪದಕಗಳದ್ದು ಇನ್ನೂ ನಿಧಾನ. ಯುದ್ಧ ಅಥವಾ ಕಾರ್ಯಾಚರಣೆಯ ಪದಕವನ್ನು ಸರ್ಕಾರ ಮೊದಲು ಅಧಿಸೂಚನೆಯ ಮೂಲಕ ಘೋಷಿಸಬೇಕು. ಯಾವ ಪ್ರದೇಶ, ಯಾವ ದಿನದಿಂದ ಯಾವ ದಿನದವರೆಗೆ, ಕನಿಷ್ಠ ಎಷ್ಟು ದಿನ ಎಂಬುದು ಅದರಲ್ಲಿ ನಿಗದಿಯಾಗುತ್ತದೆ. ಬಳಿಕ ಘಟಕಗಳು ಅರ್ಹರ ಪಟ್ಟಿ ಮಾಡಬೇಕು, ಪದಕಗಳನ್ನು ಅಚ್ಚು ಹಾಕಿಸಬೇಕು, ಹಂಚಬೇಕು. ಇದೆಲ್ಲ ಮುಗಿಯುವ ವೇಳೆಗೆ ಜವಾನ ಎರಡು ಕಡೆ ವರ್ಗವಾಗಿರುತ್ತಾನೆ ಅಥವಾ ಪಿಂಚಣಿ ಪಡೆದು ಗದ್ದೆಯಲ್ಲಿರುತ್ತಾನೆ. ನಿಮ್ಮ ತಂದೆಯವರು 1993ರಲ್ಲಿಯೇ ಮನೆಗೆ ಬಂದವರು ಎಂಬುದನ್ನು ಗಮನಿಸಿ.

ಇಲ್ಲಿ ಪದಕಗಳ ಹೆಸರಿನ ಗೊಂದಲವನ್ನೂ ಬಿಡಿಸಬೇಕು, ಏಕೆಂದರೆ ನಾನು ನೋಡುವ ಅರ್ಜಿಗಳಲ್ಲಿ ಬಹಳಷ್ಟು ಇಲ್ಲಿಯೇ ಎಡವುತ್ತವೆ. ವಿದೇಶ ಸೇವಾ ಪದಕ, ವಿಶೇಷ ಸೇವಾ ಪದಕ, ವಿಶಿಷ್ಟ ಸೇವಾ ಪದಕ, ಈ ಮೂರೂ ಕಿವಿಗೆ ಒಂದೇ ಥರ ಕೇಳಿಸುತ್ತವೆ. ವಿದೇಶ ಸೇವಾ ಪದಕ 1960ರಲ್ಲಿ ಸ್ಥಾಪನೆಯಾದದ್ದು, ಹೊರದೇಶದಲ್ಲಿ ಸಲ್ಲಿಸಿದ ಸೇವೆಗೆ. ದೇಶದ ಹೆಸರಿರುವ ಕ್ಲಾಸ್ಪ್, ಎಂದರೆ ರಿಬ್ಬನ್ನಿನ ಮೇಲೆ ಕೂರುವ ಸಣ್ಣ ಲೋಹದ ಪಟ್ಟಿ, ಅದರ ಜೊತೆಗಿರುತ್ತದೆ. ಸೇನೆಯಲ್ಲಿ ಸ್ಪೆಷಲ್ ಸರ್ವಿಸ್ ಮೆಡಲ್ ಎಂದೇ ಕರೆಯುವ ವಿಶೇಷ ಸೇವಾ ಪದಕ 1986ರಲ್ಲಿ ಬಂದದ್ದು. ಶಾಂತಿಪಾಲನಾ ಪಡೆಯಲ್ಲಿದ್ದವರಿಗೆ ಇದನ್ನು ಶ್ರೀಲಂಕಾ ಎಂಬ ಕ್ಲಾಸ್ಪ್ ಸಹಿತ ಕೊಡಲಾಯಿತು. ವಿಶಿಷ್ಟ ಸೇವಾ ಪದಕ ಬೇರೆಯೇ ಜಾತಿಯದು. ಅದು ಒಬ್ಬ ವ್ಯಕ್ತಿಯ ಉನ್ನತ ಮಟ್ಟದ ಸೇವೆಯನ್ನು ಗುರುತಿಸಿ ರಾಷ್ಟ್ರಪತಿಗಳು ಕೊಡುವ ಗೌರವ. ಹೆಸರಿನ ಮುಂದೆ ವಿ.ಎಸ್.ಎಂ. ಎಂದು ಹಾಕಿಕೊಳ್ಳುವ ಹಕ್ಕಿರುವುದು ಅದನ್ನು ಪಡೆದವರಿಗೆ ಮಾತ್ರ. ಅರ್ಜಿಯಲ್ಲಿ ಯಾರೋ ಹೇಳಿದರೆಂದು ವಿ.ಎಸ್.ಎಂ. ಕೊಡಬೇಕು ಎಂದು ಬರೆದರೆ, ಅದನ್ನು ಓದುವವನು ಮೊದಲ ಸಾಲಿನಲ್ಲಿಯೇ ನಕ್ಕು ಪಕ್ಕಕ್ಕಿಡುತ್ತಾನೆ. ಪದಕದ ಹೆಸರನ್ನು ನೀವು ತೀರ್ಮಾನಿಸಲು ಹೋಗಬೇಡಿ. ಶ್ರೀಲಂಕಾದಲ್ಲಿ ಸಲ್ಲಿಸಿದ ಸೇವೆಯನ್ನು ದಾಖಲಿಸಿ, ಆ ಅವಧಿಗೆ ನಿಯಮಾನುಸಾರ ಅನ್ವಯವಾಗುವ ಪದಕಗಳನ್ನೂ ಕ್ಲಾಸ್ಪ್‌ಗಳನ್ನೂ ನಮೂದಿಸಿ ಮಂಜೂರು ಮಾಡಬೇಕು ಎಂದು ಕೇಳಿದರೆ ಸಾಕು.

ವಿಶ್ವಸಂಸ್ಥೆಯ ಕಾರ್ಯಾಚರಣೆಗಳಿಗೆ, ಉದಾಹರಣೆಗೆ ಕಾಂಗೊ, ಕಾಂಬೋಡಿಯಾ, ಸೊಮಾಲಿಯಾಗಳಿಗೆ ಹೋದವರ ಮನೆಯವರು ಇದನ್ನು ಓದುತ್ತಿದ್ದರೆ ಅವರಿಗೆ ಒಂದು ಮಾತು. ವಿಶ್ವಸಂಸ್ಥೆಯ ಪದಕ ಬೇರೆ, ಅದಕ್ಕೆ ಸಾಮಾನ್ಯವಾಗಿ ಸತತ 90 ದಿನಗಳ ಸೇವೆ ಬೇಕು, ಮತ್ತು ಅದರ ಅಂಚಿನಲ್ಲಿ ಹೆಸರಿರುವುದಿಲ್ಲ. ಶ್ರೀಲಂಕಾಕ್ಕೆ ಹೋದದ್ದು ವಿಶ್ವಸಂಸ್ಥೆಯ ಪಡೆಯಲ್ಲ. ಹೆಸರಿನಲ್ಲಿ ಶಾಂತಿಪಾಲನೆ ಇದ್ದುದರಿಂದ ಅನೇಕರು ನೀಲಿ ಟೋಪಿಯ ಪದಕವನ್ನು ಕೇಳುತ್ತಾರೆ. ಅದು ಸಿಗುವುದಿಲ್ಲ.

ಇನ್ನು ನಿಮ್ಮ ಊರಿನ ಮಧ್ಯವರ್ತಿ ಹೇಳಿದ ಪಿಂಚಣಿಯ ಮಾತು. ಅದು ಸುಳ್ಳು. ಪಿಂಚಣಿ ನಿಂತಿರುವುದು ಹುದ್ದೆ, ಕಸುಬಿನ ಗುಂಪು ಮತ್ತು ಅರ್ಹ ಸೇವೆಯ ವರ್ಷಗಳ ಮೇಲೆ. ಒಂದು ಹುದ್ದೆ ಒಂದು ಪಿಂಚಣಿ ಯೋಜನೆಯ ಕೋಷ್ಟಕಗಳೂ ಅದೇ ಲೆಕ್ಕದವು. ನಿಮ್ಮ ತಂದೆಯವರು ಆ ಎಂಟು ತಿಂಗಳು ಟ್ರಿಂಕೋಮಲಿಯಲ್ಲಿದ್ದರೂ ಸಿಕಂದರಾಬಾದಿನಲ್ಲಿದ್ದರೂ ಸೇವೆಯ ಅವಧಿ ಅಷ್ಟೇ. ಅವರ ಪಿ.ಪಿ.ಒ.ದಲ್ಲಿ, ಅಂದರೆ ಪಿಂಚಣಿ ಮಂಜೂರಾತಿಯ ಆದೇಶದಲ್ಲಿ, ತಿದ್ದುವಂಥದ್ದು ಏನೂ ಇಲ್ಲ, ಪ್ರಯಾಗ್‌ರಾಜ್‌ನ ಪಿಂಚಣಿ ಕಚೇರಿಗೆ ಈ ವಿಷಯವಾಗಿ ಬರೆಯುವ ಅಗತ್ಯವೂ ಇಲ್ಲ. ತಿಂಗಳ ಭತ್ಯೆ ಬರುವುದು ಪರಮವೀರ ಚಕ್ರದಿಂದ ಸೇನಾ ಪದಕದವರೆಗಿನ ಶೌರ್ಯ ಪ್ರಶಸ್ತಿಗಳಿಗೆ, ಸೇವಾ ಪದಕಗಳಿಗಲ್ಲ. ಒಂದು ಸಂದರ್ಭ ಮಾತ್ರ ಬೇರೆ: ಅವರು ಅಲ್ಲಿ ಗಾಯಗೊಂಡಿದ್ದರೆ ಅಥವಾ ಅಲ್ಲಿ ತಗಲಿದ ಅಂಗವೈಕಲ್ಯ ಈಗಲೂ ಇದ್ದರೆ, ಅದು ಯಾವ ಸ್ಥಳದಲ್ಲಿ, ಯಾವ ಕಾರ್ಯಾಚರಣೆಯಲ್ಲಿ ಆಯಿತು ಎಂಬುದರ ಮೇಲೆ ಅಂಗವೈಕಲ್ಯ ಪಿಂಚಣಿಯ ವರ್ಗ ನಿರ್ಧಾರವಾಗುತ್ತದೆ. ನಿಮ್ಮ ಪತ್ರದಲ್ಲಿ ಅಂಥ ಉಲ್ಲೇಖವಿಲ್ಲ. ಇದ್ದರೆ ಅದನ್ನು ಈ ಅರ್ಜಿಗೆ ಸೇರಿಸದೆ ಪ್ರತ್ಯೇಕವಾಗಿ ನಡೆಸಬೇಕು.

15,000 ರೂಪಾಯಿ ತೆಗೆದುಕೊಳ್ಳುವವರು ಮಾಡುವುದೇನು ಎಂದರೆ, ನೀವೇ ಬರೆಯಬಹುದಾದ ಒಂದು ಅರ್ಜಿಯನ್ನು ಟೈಪು ಮಾಡಿಸಿ ಅಂಚೆಗೆ ಹಾಕುವುದು. ಅದಕ್ಕಿಂತ ದೊಡ್ಡ ಅಪಾಯ ಬೇರೆಯದು. ಮೂಲ ಡಿಸ್ಚಾರ್ಜ್ ಬುಕ್ ಅವರ ಕೈ ಸೇರುತ್ತದೆ, ಸ್ಪರ್ಶ್ ಎಂಬ ಆನ್‌ಲೈನ್ ಪಿಂಚಣಿ ಖಾತೆಯ ವಿವರ ಮತ್ತು ಮೊಬೈಲಿಗೆ ಬರುವ ಒ.ಟಿ.ಪಿ. ಕೇಳುತ್ತಾರೆ. ದಾಖಲೆ ತಿದ್ದುಪಡಿಗೆ ಒ.ಟಿ.ಪಿ.ಯ ಅಗತ್ಯ ಯಾವ ಹಂತದಲ್ಲಿಯೂ ಬರುವುದಿಲ್ಲ. ಮೈಸೂರಿನ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ಇಂಥ ಅರ್ಜಿ ಬರೆದುಕೊಡಲು ಮತ್ತು ಅದನ್ನು ಮುಂದಕ್ಕೆ ಕಳುಹಿಸಲು ನೆರವು ಸಿಗುತ್ತದೆ, ಅದಕ್ಕೆ ಶುಲ್ಕವಿಲ್ಲ.

ಇನ್ನು ದಾರಿಗಳ ಮಾತು. ಬಹುತೇಕ ಎಲ್ಲರೂ ನೇರವಾಗಿ ಪದಕ ಕೊಡಿ ಎಂದು ಬರೆದು ಆರಂಭಿಸುತ್ತಾರೆ. ದಾಖಲೆಯಲ್ಲಿ ಅಂಥ ನಮೂದು ಇಲ್ಲ ಎಂಬ ಎರಡು ಸಾಲಿನ ಉತ್ತರ ಬರುತ್ತದೆ. ಅಲ್ಲಿಗೆ ಸಿಟ್ಟು, ಆಮೇಲೆ ಮೌನ. ನನ್ನ ಸಲಹೆ ಬೇರೆ: ಮೊದಲು ಏನನ್ನೂ ಬೇಡಬೇಡಿ, ಶೀಟ್ ರೋಲಿನ ಪ್ರತಿ ತರಿಸಿಕೊಳ್ಳಿ. ಇ.ಎಂ.ಇ.ಯ ದಾಖಲೆ ಕಚೇರಿ ಸಿಕಂದರಾಬಾದಿನಲ್ಲಿದೆ. ಮಾಹಿತಿ ಹಕ್ಕು ಕಾಯಿದೆಯಡಿ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ಶೀಟ್ ರೋಲಿನ ಪೂರ್ಣ ಪ್ರತಿಯನ್ನೂ, 1987ರ ಜುಲೈನಿಂದ 1990ರ ಮಾರ್ಚ್‌ವರೆಗೆ ತಮ್ಮ ಹೆಸರಿನಲ್ಲಿ ಬಂದ ಎಲ್ಲ ಪಾರ್ಟ್ ಟೂ ಆರ್ಡರ್‌ಗಳ ಪ್ರತಿಗಳನ್ನೂ, ಪದಕಗಳ ಬಗ್ಗೆ ಇರುವ ಪತ್ರವ್ಯವಹಾರವನ್ನೂ ಕೇಳಬೇಕು. ಉತ್ತರಕ್ಕೆ 30 ದಿನಗಳ ಅವಧಿಯಿದೆ. ಉತ್ತರ ಬಾರದಿದ್ದರೆ ಅಥವಾ ಅರೆಬರೆಯಾಗಿದ್ದರೆ, ಅಲ್ಲಿಂದ 30 ದಿನಗಳೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಸಲ್ಲಿಸಬಹುದು. ಅರ್ಜಿಗೆ ಸಹಿ ಮಾಡಬೇಕಾದವರು ನಿಮ್ಮ ತಂದೆಯವರು, ನೀವಲ್ಲ. ಮಗನ ಹೆಸರಿನಲ್ಲಿ ಹೋದ ಅರ್ಜಿಗೆ ಇದು ಮೂರನೆಯವರ ವೈಯಕ್ತಿಕ ಮಾಹಿತಿ ಎಂಬ ಕಾರಣ ಕೊಟ್ಟು ನಿರಾಕರಿಸುವುದು ಕಚೇರಿಗೆ ಸುಲಭ, ಮತ್ತು ಆ ನಿರಾಕರಣೆ ನ್ಯಾಯವೂ ಹೌದು.

ಮೂವತ್ತು ವರ್ಷವಾದ್ದರಿಂದ ಕಡತವನ್ನು ಸುಟ್ಟಿರುತ್ತಾರೆ ಎಂಬ ಮಾತು ಕ್ಯಾಂಟೀನಿನ ಸಾಲಿನಲ್ಲಿ ಬಹಳ ಕೇಳಿಬರುತ್ತದೆ. ಅದರಲ್ಲಿ ಅರ್ಧ ಸತ್ಯವಿದೆ. ಪಿಂಚಣಿಯಿಲ್ಲದೆ ಸೇವೆ ಬಿಟ್ಟವರ ಕಡತಗಳನ್ನು 25 ವರ್ಷಗಳ ನಂತರ ನಾಶಪಡಿಸಲು ಸೇನಾ ನಿಯಮಾವಳಿಯಲ್ಲಿ ಅವಕಾಶವಿದೆ. ಅಂಥವರ ಬಗ್ಗೆ ಲಾಂಗ್ ರೋಲ್ ಎಂಬ ದೊಡ್ಡ ರಿಜಿಸ್ಟರಿನ ಒಂದು ಸಾಲಷ್ಟೇ ಉಳಿಯುತ್ತದೆ. ನಿಮ್ಮ ತಂದೆಯವರು ಪಿಂಚಣಿದಾರರು. ಅವರ ಕಡತ ಇರಬೇಕು, ಇಲ್ಲವೆಂದು ಹೇಳಿದರೆ ಲಿಖಿತವಾಗಿ ಹೇಳಿಸಿಕೊಳ್ಳಬೇಕು.

ಪ್ರತಿ ಬಂದ ಮೇಲೆ ಮೂರರಲ್ಲಿ ಒಂದು ಕಾಣುತ್ತದೆ. ಶೀಟ್ ರೋಲಿನಲ್ಲಿ ಶ್ರೀಲಂಕಾದ ಸಾಲು ಇದ್ದು ಡಿಸ್ಚಾರ್ಜ್ ಬುಕ್ಕಿಗೆ ಇಳಿಸುವಾಗ ಬಿಟ್ಟುಹೋಗಿದ್ದರೆ ನೀವು ಅದೃಷ್ಟವಂತರು. ಆ ಪುಟದ ಪ್ರತಿಯೊಂದಿಗೆ ಒಂದು ಅರ್ಜಿ ಸಾಕು. ಸೇವೆಯ ಸಾಲು ಇದೆ ಆದರೆ ಪದಕದ ನಮೂದಿಲ್ಲ ಎಂದಾದರೆ ಸ್ವಲ್ಪ ಓಡಾಟವಿದೆ: ದಿನಾಂಕಗಳು ಅಧಿಸೂಚನೆಯ ಷರತ್ತಿಗೆ ಹೊಂದುತ್ತವೆಯೇ ಎಂದು ದಾಖಲೆ ಕಚೇರಿ ಪರಿಶೀಲಿಸಬೇಕು. ನಿಮ್ಮ ವಿಷಯದಲ್ಲಿ ನಾನು ನಿರೀಕ್ಷಿಸುವುದು ಮೂರನೆಯದನ್ನು, ಅಂದರೆ ಎರಡೂ ಇಲ್ಲದಿರುವುದನ್ನು. ಆಗ ಹೊರಗಿನ ಸಾಕ್ಷ್ಯ ಬೇಕಾಗುತ್ತದೆ.

ಸಾಕ್ಷ್ಯ ಎಂದರೆ ಜನ ಮೊದಲು ಪಾಸ್‌ಪೋರ್ಟ್ ಕೇಳುತ್ತಾರೆ. ಆ ಕಾರ್ಯಾಚರಣೆಗೆ ಜವಾನರು ಪಾಸ್‌ಪೋರ್ಟಿಗೆ ಮುದ್ರೆ ಒತ್ತಿಸಿಕೊಂಡು ಹೋದವರಲ್ಲ. ಸೇನೆಯ ವಿಮಾನ, ಹಡಗುಗಳಲ್ಲಿ ಮೂವ್‌ಮೆಂಟ್ ಆರ್ಡರ್, ಎಂದರೆ ಪ್ರಯಾಣದ ಆದೇಶದ ಮೇಲೆ ಹೋದವರು. ಆದ್ದರಿಂದ ಮುದ್ರೆ ಇಲ್ಲವೆಂದು ಗಾಬರಿ ಬೇಡ. ಮನೆಯ ಕಪ್ಪು ಟ್ರಂಕನ್ನು ತೆಗೆಯಿರಿ. ನಿಮ್ಮ ತಾಯಿಯವರು ಹಳೆಯ ಪತ್ರಗಳನ್ನು ಇಟ್ಟುಕೊಂಡಿದ್ದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ವಿಳಾಸದಲ್ಲಿ 56 ಎ.ಪಿ.ಒ. (ಸೇನಾ ಅಂಚೆ ಕಚೇರಿ) ಅಥವಾ 99 ಎ.ಪಿ.ಒ. ಎಂದಿರುವುದರಿಂದ ಸ್ಥಳ ತಿಳಿಯುವುದಿಲ್ಲ, ಏಕೆಂದರೆ ಅವು ದೆಹಲಿ ಮತ್ತು ಕೋಲ್ಕತ್ತದ ಮೂಲ ಅಂಚೆ ಕಚೇರಿಗಳ ಗುರುತು. ಆದರೆ ಅಂಚೆಚೀಟಿಯ ಮೇಲೆ ಬಿದ್ದ ದುಂಡು ಮುದ್ರೆಯಲ್ಲಿ ಫೀಲ್ಡ್ ಪೋಸ್ಟ್ ಆಫೀಸಿನ ಸಂಖ್ಯೆಯೂ ದಿನಾಂಕವೂ ಇರುತ್ತವೆ. ಆ ಸಂಖ್ಯೆಯ ಅಂಚೆ ಕಚೇರಿ ಆ ದಿನ ಯಾವ ಪಡೆಯೊಂದಿಗಿತ್ತು ಎಂಬುದನ್ನು ಸೇನೆಯ ಅಂಚೆ ವಿಭಾಗದ ದಾಖಲೆಯಿಂದ ತಾಳೆ ನೋಡಬಹುದು. ಮೈಸೂರು ತಾಲ್ಲೂಕಿನ ಒಬ್ಬ ನಿವೃತ್ತ ಚಾಲಕರ ಕಡತದಲ್ಲಿ ಕೊನೆಗೆ ಕೆಲಸಕ್ಕೆ ಬಂದದ್ದು ಮಗುವಿನ ನಾಮಕರಣಕ್ಕೆ ಬರಲಾಗುವುದಿಲ್ಲ ಎಂದು ಅವರು ಹೆಂಡತಿಗೆ ಬರೆದ ಒಂದು ಇನ್‌ಲ್ಯಾಂಡ್ ಪತ್ರ. ಪತ್ರದ ಒಳಗಿನ ಮಾತು ಯಾರಿಗೂ ಬೇಕಾಗಲಿಲ್ಲ, ಮುದ್ರೆಯಷ್ಟೇ ಬೇಕಾಯಿತು.

ಇದರ ಜೊತೆಗೆ ಮೂವ್‌ಮೆಂಟ್ ಆರ್ಡರಿನ ಹಳೆಯ ಪ್ರತಿ, ಆ ವರ್ಷದ ರಜೆ ಚೀಟಿ, ಘಟಕದ ಹೆಸರಿರುವ ಗುಂಪು ಫೋಟೊ, ಅಲ್ಲಿ ಜ್ವರವೋ ಮತ್ತೊಂದೋ ಬಂದು ಸೇನಾ ಆಸ್ಪತ್ರೆಗೆ ದಾಖಲಾಗಿದ್ದರೆ ಅದರ ಕಾಗದ, ಇವೆಲ್ಲ ಉಪಯುಕ್ತ. ವೇತನದ ಲೆಕ್ಕವೂ ಒಂದು ಮರೆತ ಸಾಕ್ಷಿ. ಆ ತಿಂಗಳುಗಳಲ್ಲಿ ಕಾರ್ಯಾಚರಣೆಯ ಭತ್ಯೆಯೇನಾದರೂ ಜಮೆಯಾಗಿದ್ದರೆ, ಅದರ ಹಿಂದೆ ಒಂದು ಆದೇಶ ಇದ್ದೇ ಇರಬೇಕು. ಜೊತೆಯಲ್ಲಿದ್ದವರ ಪ್ರಮಾಣಪತ್ರಗಳನ್ನು ಲಗತ್ತಿಸಬಹುದು. ಆದರೆ ಅವುಗಳ ತೂಕ ಕಡಿಮೆ ಎಂಬುದು ನೆನಪಿರಲಿ. ತನ್ನ ಸ್ವಂತ ದಾಖಲೆಯಲ್ಲಿ ಶ್ರೀಲಂಕಾ ಸೇವೆ ನಮೂದಾಗಿರುವ ಇಬ್ಬರು, ತಮ್ಮ ಡಿಸ್ಚಾರ್ಜ್ ಬುಕ್ಕಿನ ಆ ಪುಟದ ಪ್ರತಿಯೊಂದಿಗೆ ಕೊಡುವ ಹೇಳಿಕೆಗೆ ಬೆಲೆಯಿದೆ, ಊರಿನ ಹತ್ತು ಮಂದಿಯ ಸಹಿಗೆ ಇಲ್ಲ. ಮಂಡ್ಯದ ನ್ಯಾಯಾಲಯದ ಬಳಿ ಸಿದ್ಧಪಡಿಸಿಟ್ಟ ಅಫಿಡವಿಟ್ಟಿಗೆ ನೋಡದವರಿಂದ ಸಹಿ ಹಾಕಿಸುವುದು ಅಪರಾಧ. ಅದು ಸಿಕ್ಕಿಬಿದ್ದರೆ ನಿಜವಾದ ಸೇವೆಯೂ ಸಂಶಯಕ್ಕೆ ಗುರಿಯಾಗುತ್ತದೆ.

ಅರ್ಜಿಯನ್ನು ದಾಖಲೆ ಕಚೇರಿಯ ಮುಖ್ಯಾಧಿಕಾರಿಯ ಹೆಸರಿಗೆ, ಸೈನಿಕ ಕಲ್ಯಾಣ ಇಲಾಖೆಯ ಮೂಲಕ, ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ. ಒಂದೇ ಪುಟದಲ್ಲಿ ಬರೆಯಿರಿ. ಸೇನಾ ಸಂಖ್ಯೆ ಅದರ ಅಕ್ಷರದೊಂದಿಗೆ, ಮೂಲ ವರ್ಕ್‌ಶಾಪಿನ ಹೆಸರು, ಅಟ್ಯಾಚ್ ಆಗಿದ್ದ ಘಟಕದ ಹೆಸರು, ಹೋದ ಮತ್ತು ಬಂದ ತಿಂಗಳು, ಸ್ಥಳ, ಇಷ್ಟು ಸ್ಪಷ್ಟವಾಗಿರಲಿ. ಕೊನೆಯಲ್ಲಿ, ಆ ಎರಡು ಘಟಕಗಳೊಂದಿಗೆ ಪತ್ರವ್ಯವಹಾರ ಮಾಡಿ ಖಚಿತಪಡಿಸಿಕೊಂಡು ತಡವಾದ ಪಾರ್ಟ್ ಟೂ ಆರ್ಡರ್ ಪ್ರಕಟಿಸಬೇಕೆಂದು ಕೋರಬೇಕು, ಏಕೆಂದರೆ ಆ ಆದೇಶವಿಲ್ಲದೆ ಗುಮಾಸ್ತ ಬರೆಯಲಾರ, ನೀವು ಎಷ್ಟು ಸಾಕ್ಷ್ಯ ಕೊಟ್ಟರೂ. ತಾಯಿಯವರ ಹೆಸರಿನ ತಿದ್ದುಪಡಿ, ಜನ್ಮದಿನಾಂಕ, ವಿಳಾಸ, ಇವನ್ನೆಲ್ಲ ಇದೇ ಅರ್ಜಿಯಲ್ಲಿ ಸೇರಿಸಬೇಡಿ. ಅವು ಬೇರೆ ಬೇರೆ ಮೇಜುಗಳಿಗೆ ಹೋಗುವ ವಿಷಯಗಳು, ಒಂದಕ್ಕೆ ಆಕ್ಷೇಪಣೆ ಬಂದರೆ ಎಲ್ಲವೂ ಕೂರುತ್ತವೆ. ಆದರೆ ನಿಮ್ಮ ತಾಯಿಯವರ ಹೆಸರು ಪಿಂಚಣಿ ದಾಖಲೆಯಲ್ಲಿ ಆಧಾರ್‌ಗೆ ಹೊಂದುತ್ತಿದೆಯೇ ಎಂದು ಇದೇ ನೆಪದಲ್ಲಿ ನೋಡಿಕೊಳ್ಳಿ. ಪದಕಕ್ಕಿಂತ ತುರ್ತಿನ ವಿಷಯ ಅದು.

ಒಂದು ಸಾಧ್ಯತೆಗೆ ತಂದೆಯವರನ್ನು ಮೊದಲೇ ಸಿದ್ಧಗೊಳಿಸಬೇಕು. ನೆನಪಿನ ಎಂಟು ತಿಂಗಳು ಕಾಗದದಲ್ಲಿ ಐದಾಗಿ ಬರಬಹುದು, ಸ್ಥಳದ ಹೆಸರು ಬೇರೆಯಾಗಿರಬಹುದು. ಮೂವತ್ತೈದು ವರ್ಷಗಳ ಹಿಂದಿನ ದಿನಗಳು ಮನಸ್ಸಿನಲ್ಲಿ ಹಿಗ್ಗುವುದು ಸಹಜ, ಅದರಲ್ಲಿ ಸುಳ್ಳಿಲ್ಲ. ಅರ್ಜಿಯಲ್ಲಿ ಸುಮಾರು ಎಂಬ ಪದವನ್ನು ಧೈರ್ಯವಾಗಿ ಬಳಸಿ. ಖಚಿತವಾಗಿ ಗೊತ್ತಿಲ್ಲದ ದಿನಾಂಕವನ್ನು ಬರೆದು ಅದು ತಪ್ಪಾದರೆ, ಅರ್ಜಿದಾರನ ಉಳಿದ ಮಾತಿಗೂ ಬೆಲೆ ಹೋಗುತ್ತದೆ.

ದಾಖಲೆ ಕಚೇರಿ ನಿರಾಕರಿಸಿದರೆ ಕಾರಣಸಹಿತ ಲಿಖಿತ ಆದೇಶ ಕೇಳಿ ಪಡೆಯಿರಿ, ಸೇನಾ ಮುಖ್ಯಾಲಯಕ್ಕೆ ಒಂದು ಮನವಿ ಸಲ್ಲಿಸಿ. ಅದೂ ಫಲಿಸದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. 2007ರ ಕಾಯಿದೆಯಿಂದ ರಚನೆಯಾದ ಇದರ ಕೊಚ್ಚಿ ಪೀಠದ ವ್ಯಾಪ್ತಿಗೆ ಕರ್ನಾಟಕ ಬರುತ್ತದೆ. ಅಂತಿಮ ಆದೇಶದಿಂದ ಆರು ತಿಂಗಳೊಳಗೆ ಹೋಗಬೇಕು. ಮನವಿ ಕೊಟ್ಟು ಆರು ತಿಂಗಳಾದರೂ ಉತ್ತರವೇ ಬಾರದಿದ್ದರೂ ಹೋಗಬಹುದು. ಮೂವತ್ತು ವರ್ಷ ಏನು ಮಾಡುತ್ತಿದ್ದಿರಿ ಎಂಬ ಪ್ರಶ್ನೆ ಅಲ್ಲಿ ಖಂಡಿತ ಏಳುತ್ತದೆ. ವಿಳಂಬವನ್ನು ಮನ್ನಿಸುವ ಅಧಿಕಾರ ಮಂಡಳಿಗಿದೆ, ಆದರೆ ಮನ್ನಿಸಲೇಬೇಕೆಂದಿಲ್ಲ. ಪದಕವೊಂದಕ್ಕಾಗಿ ಎಪ್ಪತ್ತರ ಆಸುಪಾಸಿನ ಹಿರಿಯರನ್ನು ಕೊಚ್ಚಿಗೆ ಓಡಾಡಿಸುವುದನ್ನು ನಾನಾಗಿ ಸೂಚಿಸುವುದಿಲ್ಲ. ಅಂಗವೈಕಲ್ಯದ ಹಕ್ಕು ಅದಕ್ಕೆ ಅಂಟಿಕೊಂಡಿದ್ದರೆ ಮಾತ್ರ ಆ ದಾರಿ ಹಿಡಿಯಿರಿ ಎನ್ನುತ್ತೇನೆ. ಇದು ನನ್ನ ಅಭಿಪ್ರಾಯ, ಕಾನೂನಲ್ಲ. ತಂದೆಯವರೇ ಹೋಗಬೇಕೆಂದು ಪಟ್ಟು ಹಿಡಿದರೆ ಅದು ಅವರ ಹಕ್ಕು.

ಕೊನೆಯದಾಗಿ ಅಂಗಡಿಯ ಪದಕ. ಅದನ್ನು ಕೈಗೆತ್ತಿಕೊಂಡು ದುಂಡಗಿನ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಭಾರತ ಸರ್ಕಾರ ಕೊಟ್ಟ ಸೇವಾ ಪದಕವಾದರೆ ಅಂಚಿನ ಮೇಲೆ ಪಡೆದವರ ಸಂಖ್ಯೆ, ಹುದ್ದೆ, ಹೆಸರು ಕೆತ್ತಿರುತ್ತದೆ. ಅಂಚು ಖಾಲಿಯಿದ್ದರೆ ಅದು ನಕಲು. ಬೇರೊಬ್ಬರ ಹೆಸರಿದ್ದರೆ ಅದು ಯಾರದೋ ಮನೆಯಿಂದ ಹೊರಗೆ ಬಂದ ಅಸಲಿ, ಅದನ್ನು ಇಟ್ಟುಕೊಳ್ಳದೆ ಸೈನಿಕ ಕಲ್ಯಾಣ ಕಚೇರಿಗೆ ಒಪ್ಪಿಸುವುದು ಒಳ್ಳೆಯದು. ಮಂಜೂರಾದ ಪದಕದ ನಕಲನ್ನು ಧರಿಸುವುದು ಸೇವೆಯಲ್ಲಿರುವವರಲ್ಲಿಯೂ ರೂಢಿಯಲ್ಲಿದೆ, ಅಸಲಿ ಕಳೆದುಹೋಗಬಾರದೆಂದು. ಮಂಜೂರಾಗದ ಪದಕವನ್ನು ಧರಿಸುವುದು ಬೇರೆ ಮಾತು. ಅವರು ಹೋಗಿದ್ದು ನಿಜವೆಂದೇ ನಾನು ನಂಬಿದ್ದರೂ, ಆದೇಶ ಬರುವವರೆಗೆ ಅದು ಪೆಟ್ಟಿಗೆಯಲ್ಲಿರಲಿ. ಶಾಲೆಯ ಕಾರ್ಯಕ್ರಮದಲ್ಲಿ ಯಾರೋ ತೆಗೆದ ಫೋಟೊ ನಾಳೆ ಅರ್ಜಿಯ ವಿರುದ್ಧ ಬಳಕೆಯಾಗುವುದು ಬೇಡ.

ಈ ಆಗಸ್ಟ್ 15ಕ್ಕೆ ಸೈನ್ಯ ಸೇವಾ ಪದಕವೂ 9 ವರ್ಷದ ದೀರ್ಘ ಸೇವಾ ಪದಕವೂ ಅವರ ಎದೆಯ ಎಡಭಾಗದಲ್ಲಿರಲಿ. ಅವೆರಡರ ಅಂಚಿನಲ್ಲಿ ಹೆಸರು ಹೇಗೆ ಕೆತ್ತಿದೆ, ಗೌಡ ಇದೆಯೋ ಇಲ್ಲವೋ ಎಂಬುದನ್ನು ಹಾಗೆಯೇ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಸಿಕಂದರಾಬಾದಿಗೆ ಬರೆಯುವಾಗ ಅದೇ ಕಾಗುಣಿತವನ್ನು ಬಳಸಬೇಕು.